ಮೂರನೆಯ ಹಸಿರು ದೀಪ ಬರದಿದ್ದಾಗ: ಸಣ್ಣ ಜೆಟ್‌ನ ಗೇರ್ ದೋಷ ಹುಡುಕುವ ಬಗೆ

ವಿಮಾನದ ಲಾಗ್ ಪುಸ್ತಕದಲ್ಲಿ ಪೈಲಟ್ ಬರೆದಿದ್ದುದು ಇಷ್ಟೇ: "ಗೇರ್ ಇಳಿಸಿದಾಗ ಎಡಗಾಲಿನ ಹಸಿರು ದೀಪ ಬರಲಿಲ್ಲ. ತುರ್ತು ವಿಧಾನ ಬಳಸಿದ ಮೇಲೂ ಬರಲಿಲ್ಲ. ಹಾಗೆಯೇ ಇಳಿದೆವು, ಕಾಲು ನಿಂತಿತು." ಗೇರ್ ಎಂದರೆ ವಿಮಾನ ಇಳಿಯುವಾಗ ಚಾಚುವ ಚಕ್ರದ ಕಾಲುಗಳು. ಎಂಟು ಆಸನಗಳ ಸಣ್ಣ ಜೆಟ್ ಅದು. ಈ ನಾಲ್ಕು ಮಾತುಗಳ ಹಿಂದೆ ಆಕಾಶದಲ್ಲಿ ಐವತ್ತು ನಿಮಿಷ ಸುತ್ತಿದ್ದು ಅವರ ಪಾಲು. ಹ್ಯಾಂಗರಿನಲ್ಲಿ ನಾಲ್ಕು ದಿನ ತಲೆ ಕೆಡಿಸಿಕೊಂಡದ್ದು ನಮ್ಮ ಪಾಲು.

ಕಾಲು ಇಳಿಯದಿರುವುದು ಬೇರೆ, ಇಳಿದ ಸುದ್ದಿ ಕಾಕ್‌ಪಿಟ್‌ಗೆ ಮುಟ್ಟದಿರುವುದು ಬೇರೆ. ಎರಡಕ್ಕೂ ಹೊರಗೆ ಕಾಣುವ ಲಕ್ಷಣ ಒಂದೇ. ಗೇರ್ ದೋಷ ಹುಡುಕುವುದೆಂದರೆ ಬಹುಪಾಲು ಇವೆರಡನ್ನು ಬಿಡಿಸಿ ನೋಡುವ ಕೆಲಸ. ಗಾಳಿಯಲ್ಲಿ ಪೂರ್ತಿ ಬಿಡಿಸಲು ಸಾಧ್ಯವಾಗದಿದ್ದರೆ ಕೆಟ್ಟದ್ದನ್ನೇ ನಂಬಿ ಇಳಿಯಬೇಕು. ನೆಲದ ಮೇಲೆ ಬಿಡಿಸದೆ ಬಿಟ್ಟರೆ ಅದು ಕೈಲಾಗದತನ. ಮುಂದೆ ಬರೆದಿರುವುದು ವಿಧಾನದ ಮಾತು. ನಿಮ್ಮ ವಿಮಾನದ ಕೈಪಿಡಿ ಬೇರೆ ಹೇಳಿದರೆ ಕೈಪಿಡಿಯ ಮಾತೇ ಮೇಲು.

ದೀಪ ನೋಡುವುದು ಚಕ್ರವನ್ನಲ್ಲ

ಮೂಗಿನಡಿ ಒಂದು, ರೆಕ್ಕೆಗಳಡಿ ಎರಡು, ಒಟ್ಟು ಮೂರು ಕಾಲು. ಮೂರಕ್ಕೂ ಒಂದೊಂದು ಹಸಿರು ದೀಪ. ಜೊತೆಗೆ ಕೆಂಪು ದೀಪ. ಸಾಮಾನ್ಯ ಏರ್ಪಾಡು ಹೀಗಿರುತ್ತದೆ: ಕಾಲು ಇಳಿದು ಡೌನ್‌ಲಾಕ್ (ಇಳಿದ ಕಾಲು ಮಡಚದಂತೆ ಹಿಡಿಯುವ ಅಗುಳಿ) ಬಿದ್ದರೆ ಹಸಿರು. ಮೇಲೆಯೂ ಲಾಕ್ ಆಗದೆ ಕೆಳಗೂ ಲಾಕ್ ಆಗದೆ ನಡುವೆ ಇದ್ದರೆ ಕೆಂಪು. ಮೇಲೆ ಹೋಗಿ ಅಪ್‌ಲಾಕ್ ಕೊಕ್ಕೆಗೆ ಸಿಕ್ಕಿದರೆ ಎಲ್ಲವೂ ಕತ್ತಲು.

ಹಸಿರು ದೀಪ ಚಕ್ರವನ್ನು ಕಂಡು ಬೆಳಗುವುದಿಲ್ಲ. ಅಗುಳಿ ಬಿದ್ದಿತೇ ಎಂದು ನೋಡುವ ಒಂದು ಸಣ್ಣ ಸ್ವಿಚ್ ಅಥವಾ ಲೋಹ ಹತ್ತಿರ ಬಂದುದನ್ನು ಗುರುತಿಸುವ ಸೆನ್ಸರ್ ಅದನ್ನು ಬೆಳಗಿಸುತ್ತದೆ. ಅಂದರೆ ಚಕ್ರಕ್ಕೂ ಪೈಲಟ್‌ನ ಕಣ್ಣಿಗೂ ನಡುವೆ ಅಗುಳಿ, ಸೆನ್ಸರ್, ಕನೆಕ್ಟರ್, ಹಲವು ಮೀಟರ್ ತಂತಿ, ಒಂದು ತರ್ಕದ ಪೆಟ್ಟಿಗೆ ಅಥವಾ ರಿಲೇ, ಕೊನೆಗೆ ಬಲ್ಬ್, ಇಷ್ಟು ಜನ ದಲ್ಲಾಳಿಗಳಿದ್ದಾರೆ. ಯಾರು ಕೈಕೊಟ್ಟರೂ ದೀಪ ಬರುವುದಿಲ್ಲ.

ದೀಪಗಳ ಜೋಡಿಯನ್ನು ಓದುವುದು ಮೊದಲ ಪಾಠ. ಒಂದು ಹಸಿರು ಇಲ್ಲ, ಕೆಂಪೂ ಇಲ್ಲ ಎಂದರೆ ಅನುಮಾನ ಮೊದಲು ಬಲ್ಬಿನ ಮೇಲೆ. ಕಾಲು ನಿಜವಾಗಿ ಸಿಕ್ಕಿಕೊಂಡಿದ್ದರೆ ಕೆಂಪು ಬರಬೇಕಿತ್ತು. ಮೂರೂ ಹಸಿರು ಬಂದು ಕೆಂಪು ಆರದಿದ್ದರೆ ಬಾಗಿಲು ಅಥವಾ ಅಪ್‌ಲಾಕ್ ಕಡೆಯ ಸ್ವಿಚ್ ನೋಡಬೇಕು. ಒಂದು ಹಸಿರು ಇಲ್ಲ, ಕೆಂಪು ಇದೆ ಎಂದರೆ ಕಾಲು ಸಿಕ್ಕಿಕೊಂಡಿರಬಹುದು, ಸೆನ್ಸರ್ ಸುಳ್ಳು ಹೇಳುತ್ತಿರಬಹುದು. ನಮ್ಮ ವಿಮಾನದಲ್ಲಿ ಆದದ್ದು ಈ ಮೂರನೆಯದು.

ಇಲ್ಲಿ ಬಹಳ ಜನ ಎಡವುತ್ತಾರೆ. "ಹಸಿರು ಬರಲಿಲ್ಲ, ಕೆಂಪು ಬಂತು, ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಹಿಂದಕ್ಕೆಳೆದಾಗ ಎಚ್ಚರಿಕೆಯ ಹಾರ್ನ್ ಕೂಡ ಕೂಗಿತು, ಮೂರು ಸಾಕ್ಷಿ ಇವೆ, ಕಾಲು ಇಳಿದಿಲ್ಲ" ಎಂದು ತೀರ್ಮಾನಿಸುತ್ತಾರೆ. ಹಲವು ವಿಮಾನಗಳಲ್ಲಿ ಈ ಮೂರೂ ಒಂದೇ ಡೌನ್‌ಲಾಕ್ ಸೆನ್ಸರಿನ ಮಾತನ್ನು ನಂಬಿರುತ್ತವೆ. ಆಗ ಅವು ಮೂರು ಸಾಕ್ಷಿಗಳಲ್ಲ. ಒಬ್ಬನೇ ಸಾಕ್ಷಿ ಮೂರು ಬಾಯಿಂದ ಮಾತನಾಡಿದ್ದು. ವಿದ್ಯುತ್ ನಕ್ಷೆಯನ್ನು ಬಿಡಿಸಿ, ಯಾವ ದೀಪ ಯಾವ ಸೆನ್ಸರಿನಿಂದ ಬರುತ್ತದೆ ಎಂದು ಒಮ್ಮೆ ಬೆರಳಿಟ್ಟು ನೋಡಿಕೊಂಡವನಿಗೆ ಮಾತ್ರ ಇದು ತಿಳಿಯುತ್ತದೆ. ಪೈಲಟ್‌ಗಳೂ ಇದನ್ನು ಬಿಡುವಿನ ದಿನ ನೆಲದ ಮೇಲೆ ಕುಳಿತು ನೋಡಿಟ್ಟುಕೊಳ್ಳುವುದು ಒಳ್ಳೆಯದು.

ದೋಷ ಹುಡುಕುವ ಮೊದಲು

1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ, ಒಂದು ಲಾಕ್‌ಹೀಡ್ ಟ್ರೈಸ್ಟಾರ್, ಮಯಾಮಿಯಲ್ಲಿ ಇಳಿಯಬೇಕಿತ್ತು. ಮೂಗಿನ ಚಕ್ರದ ಹಸಿರು ದೀಪ ಬರಲಿಲ್ಲ. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ಎತ್ತರ ಕಾಯುತ್ತಿದ್ದ ಆಟೋಪೈಲಟ್ ಸೆಟ್ಟಿಂಗ್ ತಪ್ಪಿಹೋದದ್ದು, ವಿಮಾನ ಮೆಲ್ಲಗೆ ಇಳಿಯುತ್ತಿದ್ದದ್ದು ಯಾರ ಗಮನಕ್ಕೂ ಬರಲಿಲ್ಲ. ಎವರ್‌ಗ್ಲೇಡ್ಸ್ ಜೌಗಿನಲ್ಲಿ ವಿಮಾನ ಬಿದ್ದು 101 ಜನ ಸತ್ತರು. ಮೂಗಿನ ಕಾಲು ಇಳಿದು ಸರಿಯಾಗಿಯೇ ಲಾಕ್ ಆಗಿತ್ತು. ಸುಟ್ಟುಹೋಗಿದ್ದುದು ಬಲ್ಬ್.

ಆರು ವರ್ಷಗಳ ನಂತರ, 1978ರ ಡಿಸೆಂಬರ್ 28ರಂದು, ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ 173ನೇ ವಿಮಾನ. ಅದು ಡಿಸಿ-8. ಬಲಗಾಲಿನ ಸಿಲಿಂಡರಿನ ರಾಡ್ ತುಕ್ಕು ಹಿಡಿದು ಕಿತ್ತುಬಂದು, ಕಾಲು ದಬಕ್ಕನೆ ಬಿತ್ತು, ಹಸಿರು ಬರಲಿಲ್ಲ. ರೆಕ್ಕೆಯ ಮೇಲಿನ ಯಾಂತ್ರಿಕ ಗುರುತುಗಳು ಕಾಲು ಇಳಿದಿದೆ ಎಂದೇ ತೋರಿಸುತ್ತಿದ್ದವು. ಆದರೂ ಪ್ರಯಾಣಿಕರನ್ನು ಸಿದ್ಧಪಡಿಸುತ್ತಾ, ಯೋಚಿಸುತ್ತಾ ಸುಮಾರು ಒಂದು ಗಂಟೆ ಸುತ್ತಿದರು. ಇಂಧನ ಮುಗಿದು ಎಂಜಿನ್‌ಗಳು ಒಂದೊಂದಾಗಿ ನಿಂತವು. 10 ಜನ ಸತ್ತರು. ವಿಮಾನ ಸಿಬ್ಬಂದಿ ಒಬ್ಬರಿಗೊಬ್ಬರು ಹೇಗೆ ಮಾತನಾಡಬೇಕು ಎಂಬುದನ್ನು ವಿಮಾನಯಾನ ಲೋಕ ಪಾಠವಾಗಿ ಕಲಿಸಲು ಹೊರಟದ್ದು ಈ ಅಪಘಾತದ ನಂತರ.

ಎರಡೂ ಸಲ ಗೇರ್ ಯಾರನ್ನೂ ಕೊಲ್ಲಲಿಲ್ಲ. ಆದ್ದರಿಂದ ಬಲ್ಬಿಗೆ ಕೈ ಹಾಕುವ ಮೊದಲು ಎರಡು ಕೆಲಸ. ಮೊದಲನೆಯದು ಕೆಲಸದ ಹಂಚಿಕೆ: ಒಬ್ಬರು ವಿಮಾನ ಹಾರಿಸುವುದು, ಬರೀ ಅದನ್ನೇ. ಇನ್ನೊಬ್ಬರು ಚೆಕ್‌ಲಿಸ್ಟ್ ಹಿಡಿಯುವುದು. ಒಬ್ಬರೇ ಪೈಲಟ್ ಇರುವ ಸಣ್ಣ ಜೆಟ್‌ಗಳಲ್ಲಿ ಈ ವಿಭಜನೆಯೇ ಇಲ್ಲ, ಅಲ್ಲಿ ಆಟೋಪೈಲಟ್ ಎರಡನೆಯವನಾಗಬೇಕು, ಸುರಕ್ಷಿತ ಎತ್ತರಕ್ಕೆ ಏರಿ ನಿಂತ ಮೇಲಷ್ಟೇ ತಲೆ ಬಗ್ಗಿಸಬೇಕು. ಎರಡನೆಯದು ಇಂಧನದ ಗಡಿಯಾರ: "ಇಷ್ಟು ಹೊತ್ತಿಗೆ, ಏನೇ ಆಗಿರಲಿ, ರನ್‌ವೇ ಕಡೆ ಮೂಗು ತಿರುಗಿರುತ್ತದೆ" ಎಂಬ ಒಂದು ಸಮಯವನ್ನು ಕಾಗದದ ಮೇಲೆ ಬರೆದು ಎದುರಿಗೆ ಸಿಕ್ಕಿಸಿಕೊಳ್ಳಬೇಕು. ನಮ್ಮ ಪೈಲಟ್ ಅದನ್ನು ಮೊಣಕಾಲ ಮೇಲಿನ ಹಲಗೆಯಲ್ಲಿ ಬರೆದಿಟ್ಟುಕೊಂಡಿದ್ದರು. ಅವರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಚೀಟಿ ನೋಡಿದಾಗ. ನಿಯಂತ್ರಕರಿಗೆ ತಿಳಿಸಲು ಸಂಕೋಚ ಬೇಡ. ರೇಡಿಯೋದಲ್ಲಿ ತುರ್ತಿನ ಕರೆಯಾದ ಪ್ಯಾನ್-ಪ್ಯಾನ್ ಎನ್ನಿ, ಪರಿಸ್ಥಿತಿ ಕೆಟ್ಟರೆ ಪ್ರಾಣಾಪಾಯದ ಕರೆ ಮೇಡೇ; ರೇಡಾರಿಗೆ ಉತ್ತರಿಸುವ ಟ್ರಾನ್ಸ್‌ಪಾಂಡರಿನಲ್ಲಿ ತುರ್ತಿನ ಸಂಖ್ಯೆ 7700.

ಕುರ್ಚಿ ಬಿಟ್ಟೇಳದೆ ಮಾಡುವ ಪರೀಕ್ಷೆಗಳು

ಬಲ್ಬ್ ಮೊದಲು. ದೀಪ ಪರೀಕ್ಷೆಯ ಗುಂಡಿ ಒತ್ತಿದಾಗ ಆ ಹಸಿರು ಬೆಳಗಿದರೆ ಬಲ್ಬ್ ಸರಿ. ಬೆಳಗದಿದ್ದರೆ ಪಕ್ಕದ ಬಲ್ಬನ್ನು ಅದಲುಬದಲು ಮಾಡಿ ನೋಡಲು ಕೆಲವು ವಿಮಾನಗಳಲ್ಲಿ ಬರುತ್ತದೆ. ಆಮೇಲೆ ಸರ್ಕಿಟ್ ಬ್ರೇಕರ್ ಸಾಲು, ಅಂದರೆ ವಿದ್ಯುತ್ ಮಿತಿಮೀರಿದರೆ ತಾನಾಗಿ ಹೊರಹಾರಿ ದಾರಿ ಕಡಿಯುವ ಗುಂಡಿಗಳು. ಗೇರಿಗೆ ಸಂಬಂಧಿಸಿದ ಯಾವುದಾದರೂ ಹೊರಗೆ ಹಾರಿದೆಯೇ ಎಂದು ಕಣ್ಣಿನಿಂದಷ್ಟೇ ನೋಡಿದರೆ ಸಾಲದು, ಕತ್ತಲಲ್ಲಿ ಬೆರಳಾಡಿಸಿ ನೋಡಬೇಕು. ಹಾರಿದ್ದರೆ, ಇಳಿಯಲು ಅದು ಬೇಕೇಬೇಕು ಎಂದಿದ್ದರೆ, ಒಂದು ನಿಮಿಷ ತಣಿಯಲು ಬಿಟ್ಟು ಒಮ್ಮೆ ಒತ್ತಿ. ಮತ್ತೆ ಹಾರಿದರೆ ಅಲ್ಲಿಗೆ ಬಿಡಿ. ಬ್ರೇಕರ್ ಕಾಯುವುದು ತಂತಿಯನ್ನು, ನಿಮ್ಮ ಅನುಕೂಲವನ್ನಲ್ಲ.

ಗೇರನ್ನು ಎತ್ತಿ ಇಳಿಸುವ ದ್ರವದ, ಅಂದರೆ ಹೈಡ್ರಾಲಿಕ್, ಒತ್ತಡ ನೋಡುವಾಗ ನಿಮ್ಮ ವಿಮಾನದ ಸ್ವಭಾವ ತಿಳಿದಿರಬೇಕು. ದೊಡ್ಡ ವಿಮಾನಗಳಲ್ಲಿ ಒತ್ತಡ ಸದಾ 3000 ಪಿಎಸ್ಐ (ಚದರ ಅಂಗುಲಕ್ಕೆ ಪೌಂಡ್) ಸುತ್ತಮುತ್ತ ನಿಂತಿರುತ್ತದೆ. ಕೆಲವು ಹಳೆಯ ಸಣ್ಣ ಜೆಟ್‌ಗಳದು ಬೇರೆ ದಾರಿ: ದ್ರವ ಸುಮ್ಮನೆ ಸುತ್ತುತ್ತಿರುತ್ತದೆ, ಗೇರ್ ಹಿಡಿ ಎಳೆದಾಗ ಮಾತ್ರ ಕವಾಟ ಮುಚ್ಚಿ 1500 ಪಿಎಸ್ಐ ಒತ್ತಡ ಏರುತ್ತದೆ, ಕೆಲಸ ಮುಗಿದೊಡನೆ ಇಳಿಯುತ್ತದೆ. ಈ ಬಗೆಯ ವಿಮಾನದಲ್ಲಿ 'ಒತ್ತಡ ಇದೆ' ಎನ್ನುವ ದೀಪ ಒಳ್ಳೆಯ ವೈದ್ಯ. ಹಿಡಿ ಎಳೆದರೂ ಅದು ಬೆಳಗಲೇ ಇಲ್ಲವೆಂದರೆ ಆಜ್ಞೆಯೇ ಹೋಗಿಲ್ಲ ಅಥವಾ ಪಂಪಿನಲ್ಲಿ ದ್ರವವಿಲ್ಲ. ಬೆಳಗಿ ಆರಿದರೆ, ಮೂರೂ ಕಾಲು ಮುಟ್ಟಿವೆ ಎಂದು ತರ್ಕದ ಪೆಟ್ಟಿಗೆ ನಂಬಿದೆ. ಬೆಳಗಿಯೇ ಉಳಿದರೆ ಯಾವುದೋ ಕಾಲು ಮುಟ್ಟಿಲ್ಲವೆಂದು ಅದು ಕಾಯುತ್ತಿದೆ. ನಮ್ಮ ವಿಮಾನದಲ್ಲಿ ಬೆಳಗಿಯೇ ಉಳಿಯಿತು. ಅದೇ ಸೆನ್ಸರಿನ ನಾಲ್ಕನೆಯ ಬಾಯಿ ಅದು, ಹೊಸದೇನನ್ನೂ ಹೇಳಲಿಲ್ಲ.

ಸೆನ್ಸರಿಗೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಅದು ಕಿವಿ, ಕೈ, ಕುಳಿತ ಜಾಗ. ಮೂರು ಕಾಲೂ ಲಾಕ್ ಆಗುವಾಗ ಮೂರು ಸದ್ದು ಬರುತ್ತದೆ. ದಿನವೂ ಹಾರಿಸುವ ಪೈಲಟ್‌ಗೆ ಅದರ ತಾಳ ಗೊತ್ತಿರುತ್ತದೆ. ಚಕ್ರ ಗಾಳಿಗೆ ಬಿದ್ದಾಗ ವೇಗ ಎಂದಿನಷ್ಟೇ ಇಳಿಯಿತೇ? ಒಂದೇ ಕಡೆಯ ಕಾಲು ಇಳಿದಿದ್ದರೆ ಮೂಗು ಆ ಕಡೆಗೆ ತುಸು ಎಳೆಯಬೇಕು, ಎಳೆಯುತ್ತಿದೆಯೇ? ಎಳೆಯದಿದ್ದರೆ ಎರಡೂ ಕಾಲು ಗಾಳಿಯಲ್ಲಿವೆ ಎಂದು ನಂಬಬಹುದು. ಲಾಕ್ ಆಗಿವೆ ಎಂದು ನಂಬುವಂತಿಲ್ಲ.

ಮತ್ತೆ ಎತ್ತಿ ಇಳಿಸಬೇಕೇ?

ಕೈ ತುರಿಸುತ್ತದೆ, ಅದು ಸಹಜ. ಕೆಲವು ಚೆಕ್‌ಲಿಸ್ಟ್‌ಗಳು ಒಂದು ಸಲ ಅವಕಾಶ ಕೊಡುತ್ತವೆ, ಕೊಟ್ಟರೆ ಮಾಡಿ. ನನ್ನ ಅಭಿಪ್ರಾಯ ಮಾತ್ರ ಬಿಗಿ: ಇಳಿಸುವಾಗ ಅಸಹಜವಾದ ಢಬ್ ಸದ್ದು ಕೇಳಿದ್ದರೆ, ಹೈಡ್ರಾಲಿಕ್ ದ್ರವದ ಮಟ್ಟ ಇಳಿಯುತ್ತಿದ್ದರೆ, ಅಥವಾ ಮೂಗಿನ ಚಕ್ರ ಅಡ್ಡ ತಿರುಗಿದೆ ಎಂಬ ಅನುಮಾನವಿದ್ದರೆ ಹಿಡಿ ಮುಟ್ಟಬಾರದು. ಹೊರಬಂದಿರುವ ಕಾಲನ್ನು ಒಳಗೆ ಕರೆದರೆ ಅದು ಮತ್ತೆ ಬರುತ್ತದೆಂಬ ಖಾತರಿಯಿಲ್ಲ. 2005ರ ಸೆಪ್ಟೆಂಬರ್ 21ರಂದು ಜೆಟ್‌ಬ್ಲೂ ಸಂಸ್ಥೆಯ ಒಂದು ಏರ್‌ಬಸ್ ಎ320ರ ಮೂಗಿನ ಚಕ್ರ 90 ಡಿಗ್ರಿ ಅಡ್ಡ ತಿರುಗಿತ್ತು. ಗಂಟೆಗಟ್ಟಲೆ ಇಂಧನ ಸುಟ್ಟು, ಲಾಸ್ ಏಂಜಲೀಸ್‌ನಲ್ಲಿ ಇಳಿಸಿದರು. ಟೈರುಗಳು ಕಿತ್ತುಹೋಗಿ ರಿಮ್ ಕಿಡಿ ಕಾರುತ್ತಾ ನೆಲ ಉಜ್ಜಿತು. ಯಾರಿಗೂ ಗಾಯವಾಗಲಿಲ್ಲ. ಸೊಟ್ಟಗಿದ್ದರೂ ಲಾಕ್ ಆದ ಕಾಲು ಕಾಲೇ.

ತುರ್ತು ಹಿಡಿ

ಹೈಡ್ರಾಲಿಕ್ ಕೈಕೊಟ್ಟರೆ ಕಾಲನ್ನು ಇಳಿಸಲು ಎರಡು ಉಪಾಯಗಳನ್ನು ವಿಮಾನ ಕಟ್ಟಿದವರು ಕೊಟ್ಟಿರುತ್ತಾರೆ. ಒಂದು, ಕೇಬಲ್ ಎಳೆದು ಅಪ್‌ಲಾಕ್ ಕೊಕ್ಕೆಗಳನ್ನು ಬಿಡಿಸಿ ಕಾಲು ತನ್ನ ಭಾರದಿಂದಲೇ ಬೀಳುವಂತೆ ಮಾಡುವುದು. ಇನ್ನೊಂದು, ಬಾಟಲಿಯಲ್ಲಿ ಒತ್ತಿ ತುಂಬಿದ ಸಾರಜನಕವನ್ನು ಸಿಲಿಂಡರಿಗೆ ಬಿಟ್ಟು ಕಾಲನ್ನು ನೂಕುವುದು. ಹಲವು ಸಣ್ಣ ಜೆಟ್‌ಗಳಲ್ಲಿ ಎರಡೂ ಇವೆ, ಈ ಕ್ರಮದಲ್ಲೇ ಬಳಸಬೇಕು.

ಕೊಕ್ಕೆ ಬಿಡಿಸಿದ ಮೇಲೆ ರೆಕ್ಕೆಯಡಿಯ ಕಾಲು ತೂಗಾಡುತ್ತಾ ಲಾಕ್ ಆಗದೆ ನಿಂತರೆ ರಡ್ಡರ್ (ಮೂಗನ್ನು ಪಕ್ಕಕ್ಕೆ ತಿರುಗಿಸುವ ಬಾಲದ ಫಲಕ) ಒತ್ತಿ ವಿಮಾನವನ್ನು ಪಕ್ಕಕ್ಕೆ ಜಾರಿಸುವುದುಂಟು. ಅಡ್ಡ ಬೀಸುವ ಗಾಳಿ ಕಾಲನ್ನು ಹೊರಕ್ಕೆ ನೂಕಿ ಅಗುಳಿ ಬೀಳಿಸುತ್ತದೆ. ಮೂಗಿನ ಕಾಲಿನ ಲೆಕ್ಕ ಬೇರೆ. ಅದು ಮುಂದಕ್ಕೆ ಮಡಚಿಕೊಳ್ಳುವ ಬಗೆಯಾದರೆ ಇಳಿಯುವಾಗ ಎದುರುಗಾಳಿಯೇ ಹಿಂದಕ್ಕೆ ತಳ್ಳಿ ಸಹಾಯ ಮಾಡುತ್ತದೆ. ಹಿಂದಕ್ಕೆ ಮಡಚಿಕೊಳ್ಳುವ ಬಗೆಯಾದರೆ ಗಾಳಿಯ ವಿರುದ್ಧ ಈಜಬೇಕು, ಆಗ ವೇಗ ತಗ್ಗಿಸಿದಷ್ಟೂ ಒಳ್ಳೆಯದು. ಗೇರ್ ಇಳಿಸಲು ಮತ್ತು ಇಳಿದ ಗೇರಿನೊಡನೆ ಹಾರಲು ಪ್ರತಿ ವಿಮಾನಕ್ಕೂ ವೇಗದ ಮಿತಿಗಳಿವೆ. ಗಾಬರಿಯಲ್ಲಿ ಮೊದಲು ಮರೆಯುವುದು ಅವನ್ನೇ.

ಬಾಟಲಿ ಒಂದೇ ಏಟಿನ ಮದ್ದು. ಒಮ್ಮೆ ಬಿಟ್ಟರೆ ಕಾಲನ್ನು ಮತ್ತೆ ಎತ್ತಲಾಗದು, ಎತ್ತಲು ಪ್ರಯತ್ನಿಸಲೂಬಾರದು. ಹಾಗಾಗಿ ಅದನ್ನು ಎಳೆಯುವ ಮೊದಲು ಇಳಿಯುವ ರನ್‌ವೇ ಯಾವುದು ಎಂಬುದು ಗಟ್ಟಿಯಾಗಿರಬೇಕು. ಗೇರ್ ಇಳಿಬಿಟ್ಟುಕೊಂಡು ದೂರದ ನಿಲ್ದಾಣಕ್ಕೆ ಹೊರಟರೆ ಇಂಧನದ ಲೆಕ್ಕ ತಲೆಕೆಳಗಾಗುತ್ತದೆ.

ತುರ್ತು ವಿಧಾನವೂ ಕೆಲಸ ಮಾಡಲಿಲ್ಲವೆಂದರೆ ಬ್ರೇಕರ್ ಸಾಲಿಗೆ ವಾಪಸ್ ಬನ್ನಿ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ 2011ರ ನವೆಂಬರ್ 1. ನೆವಾರ್ಕ್‌ನಿಂದ ವಾರ್ಸಾಗೆ ಹೊರಟ, ಪೋಲೆಂಡಿನ ಲಾಟ್ ಸಂಸ್ಥೆಯ ಬೋಯಿಂಗ್ 767, ಏರಿದ ಸ್ವಲ್ಪ ಹೊತ್ತಿಗೇ ನಡುವಿನ ಹೈಡ್ರಾಲಿಕ್ ವ್ಯವಸ್ಥೆಯ ದ್ರವ ಕಳೆದುಕೊಂಡಿತು. ಪರ್ಯಾಯವಾಗಿ ವಿದ್ಯುತ್ ಮೋಟರಿನಿಂದ ಗೇರ್ ಇಳಿಸಬಹುದಿತ್ತು. ಅದೂ ಇಳಿಯಲಿಲ್ಲ. ಕ್ಯಾಪ್ಟನ್ ತಾದೆಯುಷ್ ವ್ರೊನಾ ಹೊಟ್ಟೆಯ ಮೇಲೆಯೇ ವಿಮಾನವನ್ನು ಇಳಿಸಿದರು. ಒಳಗಿದ್ದ 231 ಜನರಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಆಮೇಲೆ ನೋಡಿದರೆ ಕಾಕ್‌ಪಿಟ್‌ನಲ್ಲಿ ಸಿ829 ಎಂಬ ಒಂದು ಬ್ರೇಕರ್ ಹೊರಬಂದಿತ್ತು. ವಿಮಾನವನ್ನು ಎತ್ತಿ, ಆ ಬ್ರೇಕರ್ ಒತ್ತಿ, ವಿದ್ಯುತ್ ಕೊಟ್ಟು, ಪರ್ಯಾಯ ವ್ಯವಸ್ಥೆ ಚಾಲೂ ಮಾಡಿದಾಗ ಮೂರೂ ಕಾಲು ಇಳಿದವು.

ಕಂಟ್ರೋಲ್ ಟವರಿನ ಮುಂದೆ ತಗ್ಗಿನಲ್ಲಿ ಹಾರಿ ತೋರಿಸುವುದು ಹಳೆಯ ಪದ್ಧತಿ. "ಮೂರೂ ಇಳಿದಂತೆ ಕಾಣುತ್ತದೆ" ಎಂದು ಅವರು ಹೇಳಬಲ್ಲರು. ಅಗುಳಿ ಬಿದ್ದಿದೆಯೇ ಎಂಬುದು ದುರ್ಬೀನಿಗೆ ಕಾಣುವ ಸಂಗತಿಯಲ್ಲ. ನಮ್ಮವರಿಗೆ ಟವರಿನಿಂದ ಸಿಕ್ಕ ಉತ್ತರವೂ ಅದೇ. ಅದನ್ನು ಅವರು ಅಷ್ಟಕ್ಕೇ ಬೆಲೆ ಕಟ್ಟಿ, ಎಡಗಾಲು ಮಡಚಿಕೊಳ್ಳುತ್ತದೆ ಎಂದೇ ಲೆಕ್ಕ ಹಾಕಿ ಇಳಿಯಲು ಸಿದ್ಧರಾದರು.

ಹಸಿರಿಲ್ಲದೆ ಇಳಿಯುವುದು

ಸಣ್ಣ ಜೆಟ್‌ಗಳಲ್ಲಿ ಗಾಳಿಯಲ್ಲೇ ಇಂಧನ ಚೆಲ್ಲುವ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ, ಹಾರಿಯೇ ಸುಡಬೇಕು. ಹಗುರಾದರೆ ಇಳಿಯುವ ವೇಗ ಕಡಿಮೆ, ಬೆಂಕಿಗೆ ಮೇವೂ ಕಡಿಮೆ. ಉದ್ದದ, ಅಗಲದ, ಅಗ್ನಿಶಾಮಕ ವಾಹನಗಳಿರುವ ರನ್‌ವೇ ಆರಿಸಬೇಕು. ರನ್‌ವೇ ಮೇಲೆ ನೊರೆ ಹಾಸುವುದನ್ನು ಈಗ ಬಹುತೇಕ ಕೈಬಿಟ್ಟಿದ್ದಾರೆ. ಆ ನೊರೆ ಲಾರಿಯಲ್ಲೇ ಉಳಿದರೆ ಬೆಂಕಿ ಬಿದ್ದಾಗ ಕೆಲಸಕ್ಕೆ ಬರುತ್ತದೆ.

ಇಳಿಯುವ ಮೊದಲು ಕ್ಯಾಬಿನ್ನಿನ ಒಳಗಿನ ಗಾಳಿಯೊತ್ತಡವನ್ನು ಪೂರ್ತಿ ಬಿಡಬೇಕು. ಒಳಗೆ ಸ್ವಲ್ಪ ಒತ್ತಡ ಉಳಿದಿದ್ದರೂ ಬಾಗಿಲು ತೆರೆಯುವುದಿಲ್ಲ. ಬಿಡಿ ಸಾಮಾನು ಕಟ್ಟಬೇಕು. ಯಾವ ಬಾಗಿಲು ನೆಲಕ್ಕೆ ಒತ್ತಿಕೊಳ್ಳಬಹುದು, ಯಾವುದರಿಂದ ಹೊರಬರಬೇಕು ಎಂದು ಪ್ರಯಾಣಿಕರಿಗೆ ಮೊದಲೇ ಹೇಳಿರಬೇಕು.

ಅನುಮಾನವಿರುವ ಕಡೆಯ ರೆಕ್ಕೆಯನ್ನು ಏಲರಾನ್‌ನಿಂದ (ರೆಕ್ಕೆಯ ಹಿಂಬದಿಯ ಚಲಿಸುವ ಫಲಕ) ಎತ್ತಿಹಿಡಿದು, ಗಟ್ಟಿಯಿರುವ ಕಾಲಿನ ಮೇಲೆ ಮೊದಲು ಮುಟ್ಟಿಸಿ, ವೇಗ ಇಳಿದು ಏಲರಾನ್ ಸೋಲುವವರೆಗೂ ಭಾರವನ್ನು ತಡೆಯುವುದು ಒಂದು ಕಾಲಿನ ದೋಷದ ಕ್ರಮ. ಮೂಗಿನ ಕಾಲಿನ ದೋಷವಾದರೆ ಮೂಗನ್ನು ಎತ್ತಿಹಿಡಿದಿರಬೇಕು, ಆದರೆ ಎಲಿವೇಟರ್ (ಮೂಗನ್ನು ಎತ್ತುವ ಬಾಲದ ಫಲಕ) ಪೂರ್ತಿ ಸೋತು ದಬ್ಬನೆ ಬೀಳುವ ಮೊದಲೇ ತಾನಾಗಿ ಮೆಲ್ಲಗೆ ಇಳಿಸಬೇಕು. ಮೂರೂ ಇಲ್ಲದಿದ್ದರೆ, ವಿಚಿತ್ರವೆನಿಸಬಹುದು, ಒಂದು ಕಾಲು ಮಾತ್ರ ಇಳಿದಿರುವ ಸ್ಥಿತಿಗಿಂತ ಅದು ಎಷ್ಟೋ ನೇರವಾಗಿ ಜಾರುತ್ತದೆ. ಎಂಜಿನ್ ಬಾಲದ ಪಕ್ಕದಲ್ಲಿ ಎತ್ತರದಲ್ಲಿರುವ ಸಣ್ಣ ಜೆಟ್‌ಗಳಿಗಂತೂ ರೆಕ್ಕೆಯಡಿ ಎಂಜಿನ್ ಇರುವ ವಿಮಾನಗಳ ತಾಪತ್ರಯವಿಲ್ಲ. ಎಂಜಿನ್, ಇಂಧನ, ಬ್ಯಾಟರಿ ಯಾವ ಕ್ಷಣದಲ್ಲಿ ಆರಿಸಬೇಕು ಎಂಬುದು ಚೆಕ್‌ಲಿಸ್ಟ್‌ನಲ್ಲಿದೆ. ಬಾಯಿಪಾಠ ಮಾಡಿ ಬಂದವರಿಗೆ ಮಾತ್ರ ಅದು ಆಗ ನೆನಪಾಗುತ್ತದೆ.

ವಿಮಾನ ನಿಂತ ಮೇಲೆ

ಇಲ್ಲಿಂದ ನನ್ನ ಕಸುಬು. ಮೊದಲ ನಿಯಮ: ಆ ವಿಮಾನವನ್ನು ಸ್ವಂತ ಶಕ್ತಿಯಿಂದ ಓಡಿಸಿಕೊಂಡು ಬರಬಾರದು. ರನ್‌ವೇ ಖಾಲಿ ಮಾಡಿ ಎಂದು ಒತ್ತಾಯ ಬರುತ್ತದೆ, ಬರಲಿ. ಮೂರೂ ಕಾಲಿಗೆ ಮಡಚದಂತೆ ತಡೆಯುವ, ಕೆಂಪು ಪಟ್ಟಿಯ ನೆಲದ ಪಿನ್ ಹಾಕಿದ ಮೇಲಷ್ಟೇ ರೆಕ್ಕೆಯಡಿ ಮನುಷ್ಯ ಹೋಗಬೇಕು.

ಎರಡನೆಯದು, ಏನನ್ನೂ ಮುಟ್ಟುವ ಮೊದಲು ಫೋಟೋ: ಗೇರ್ ಹಿಡಿ, ತುರ್ತು ಹಿಡಿ, ಪ್ರತಿ ಬ್ರೇಕರ್, ಪ್ರತಿ ದೀಪ. ಕಾಕ್‌ಪಿಟ್ ಧ್ವನಿಮುದ್ರಕದ ಬ್ರೇಕರ್ ಎಳೆಯಬೇಕು. ಹಳೆಯ ಮುದ್ರಕಗಳಲ್ಲಿ 30 ನಿಮಿಷ, ಬಳಿಕ ಬಂದ ಹಲವುಗಳಲ್ಲಿ 2 ಗಂಟೆಯ ಮಾತು ಮಾತ್ರ ಉಳಿಯುತ್ತದೆ. ವಿದ್ಯುತ್ ಇದ್ದರೆ ಹ್ಯಾಂಗರಿನ ಹರಟೆ ಅದರ ಮೇಲೆ ಬರೆದುಕೊಳ್ಳುತ್ತದೆ.

ಮೂರನೆಯದನ್ನು ಯಾವ ಕೈಪಿಡಿಯೂ ಸಾಕಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸುವುದಿಲ್ಲ. ಸಿಬ್ಬಂದಿ ಮನೆಗೆ ಹೋಗುವ ಮೊದಲು ಅವರ ಜೊತೆ ಚಹಾ ಕುಡಿಯಿರಿ. ಲಾಗ್ ಪುಸ್ತಕದಲ್ಲಿ ಬರೆಯುವುದು ಬೇರೆ, ಬಾಯಲ್ಲಿ ಬರುವುದು ಬೇರೆ. ನಾನು ಸಹಪೈಲಟ್‌ಗೆ ಕೇಳಿದ್ದು ಒಂದೇ ಪ್ರಶ್ನೆ: "ಹಸಿರು ಒಮ್ಮೆಯೂ ಬರಲಿಲ್ಲವೇ?" ಆಕೆ ಸ್ವಲ್ಪ ಯೋಚಿಸಿ, "ಚಕ್ರ ನೆಲಕ್ಕೆ ತಾಗಿದ ಏಟಿಗೆ ಒಂದು ಸಲ ಮಿನುಗಿದಂತಾಯಿತು ಸರ್, ಭ್ರಮೆಯೇನೋ ಎಂದು ಬರೆಯಲಿಲ್ಲ" ಎಂದರು.

ಮಿನುಗುವ ದೀಪ ಎಂದರೆ ಕಾಲು ಲಾಕ್ ಆಗಿತ್ತು, ಬಲ್ಬ್ ಸರಿಯಿತ್ತು, ನಡುವೆ ಎಲ್ಲೋ ಒಂದು ಸಂಪರ್ಕ ಅಲುಗಾಟಕ್ಕೆ ಕೂಡಿಕೊಂಡು ಬಿಡುತ್ತಿತ್ತು. ಅರ್ಧ ದಾರಿ ಅಲ್ಲೇ ಕಳೆಯಿತು.

ಜಾಕ್ ಮೇಲೆ

ವಿಮಾನವನ್ನು ಜಾಕ್ ಮೇಲೆ ಎತ್ತಿ, ನೆಲದ ಹೈಡ್ರಾಲಿಕ್ ರಿಗ್ ಜೋಡಿಸಿ, ಗೇರನ್ನು ಎತ್ತಿ ಇಳಿಸುವ ಪರೀಕ್ಷೆ ಮಾಡುವ ಮೊದಲು ಸಾರಜನಕದ ಕೊಳೆ ತೆಗೆಯಬೇಕಿತ್ತು. ಬಾಟಲಿ ಬಿಟ್ಟ ಮೇಲೆ ಹೈಡ್ರಾಲಿಕ್ ಕೊಳವೆಗಳಲ್ಲಿ ಅನಿಲ ತುಂಬಿರುತ್ತದೆ. ಪೂರ್ತಿ ಹೊರಹಾಕದೆ ಪರೀಕ್ಷೆ ಮಾಡಿದರೆ ಕಾಲು ಸ್ಪಂಜಿನಂತೆ ಕುಪ್ಪಳಿಸಿ ಇನ್ನೊಂದು ಸುಳ್ಳು ದೋಷ ಹುಟ್ಟಿಸುತ್ತದೆ. ದ್ರವ ಸೇರಿಸುವಾಗ ಬಣ್ಣ ನೋಡಿ: ಖನಿಜ ತೈಲದ್ದು ಕೆಂಪು, ಫಾಸ್ಫೇಟ್ ಎಸ್ಟರ್ ಎಂಬ ಕೃತಕ ದ್ರವದ್ದು ನೇರಳೆ. ಒಂದರ ಜಾಗಕ್ಕೆ ಇನ್ನೊಂದು ಸುರಿದರೆ ಸೀಲುಗಳೆಲ್ಲ ಹಾಳು.

ಪರೀಕ್ಷೆ ಮಾಡಿದೆವು. ಮೂರು ಹಸಿರು. ಮತ್ತೆ ಮಾಡಿದೆವು. ಮೂರು ಹಸಿರು. ಇಪ್ಪತ್ತು ಸಲ ಎತ್ತಿ ಇಳಿಸಿದರೂ ಒಮ್ಮೆಯೂ ತಪ್ಪಲಿಲ್ಲ. ಈ ಹಂತದಲ್ಲಿ "ದೋಷ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿ ಕಳಿಸುವ ಆಸೆ ಎಂಥವರಿಗೂ ಬರುತ್ತದೆ. ಆದರೆ ಜಾಕ್ ಮೇಲಿನ ವಿಮಾನ ಹಾರುವ ವಿಮಾನವಲ್ಲ. ಕಾಲಿನ ಮೇಲೆ ಗಾಳಿಯ ಹೊಡೆತವಿಲ್ಲ, ಕಂಪನವಿಲ್ಲ, ಮೇಲಿನ ಚಳಿಯೂ ಇಲ್ಲ.

ಹಳೆಯ ಲಾಗ್ ಪುಟಗಳನ್ನು ತಿರುವಿದಾಗ ಮೂರು ತಿಂಗಳ ಹಿಂದಿನ ಒಂದು ನಮೂದು ಸಿಕ್ಕಿತು: ಎಡ ಗೇರಿನ ದೀಪ ತಡವಾಗಿ ಬಂದಿತ್ತು, ಡೌನ್‌ಲಾಕ್ ಸೆನ್ಸರ್ ಬದಲಿಸಲಾಗಿದೆ, ಪರೀಕ್ಷೆ ಸರಿ. ಅದೇ ಕಾಲು, ಅದೇ ದೀಪ. ಸೆನ್ಸರ್ ಬದಲಿಸಿದ ಮೇಲೂ ಮರಳಿದ ದೋಷ ಸೆನ್ಸರಿನದಲ್ಲ. ಇಷ್ಟು ಸರಳವಾದ ತರ್ಕವನ್ನು ಬಿಟ್ಟು ಇನ್ನೊಂದು ಹೊಸ ಸೆನ್ಸರ್ ತರಿಸಲು ಫೋನ್ ಎತ್ತಿದವರು ನಮ್ಮಲ್ಲೂ ಒಬ್ಬರಿದ್ದರು. ಬಿಡಿಭಾಗ ಬದಲಿಸುತ್ತಾ ಹೋಗುವುದು ದೋಷ ಹುಡುಕುವುದಲ್ಲ, ಅದೃಷ್ಟ ಪರೀಕ್ಷೆ, ಅದೂ ದುಬಾರಿ.

ಸೆನ್ಸರಿಗೂ ಅದರ ಲೋಹದ ಗುರಿಗೂ ನಡುವಿನ ಸಂದು ಅಳೆದೆವು, ಮಿತಿಯೊಳಗಿತ್ತು. ಡೌನ್‌ಲಾಕ್ ಕೀಲು ತನ್ನ ನೇರಗೆರೆ ದಾಟಿ ಕುಳಿತಿತ್ತು, ಅಂದರೆ ಲಾಕ್ ಸರಿಯಿತ್ತು. ಕನೆಕ್ಟರ್ ಬಿಚ್ಚಿದರೆ ಪಿನ್ನುಗಳು ಹೊಳೆಯುತ್ತಿದ್ದವು, ನೀರು ಸೇರಿದ ಗುರುತಿಲ್ಲ. ಉಳಿದದ್ದು ತಂತಿಯ ಕಟ್ಟು. ಮಲ್ಟಿಮೀಟರ್ ಹಿಡಿದರೆ ತಂತಿ ಆ ತುದಿಯಿಂದ ಈ ತುದಿಗೆ ಸರಿಯಾಗಿಯೇ ಇದೆ ಎಂದಿತು. ಇಲ್ಲಿ ಮಲ್ಟಿಮೀಟರ್ ಮೋಸ ಮಾಡುತ್ತದೆ: ಅದು ಕಳಿಸುವ ವಿದ್ಯುತ್ ಅತಿ ಕಡಿಮೆ, ಹತ್ತೊಂಬತ್ತು ಎಳೆಗಳಲ್ಲಿ ಒಂದೇ ಎಳೆ ಮುಟ್ಟುತ್ತಿದ್ದರೂ ಸರಿ ಎನ್ನುತ್ತದೆ. ಅಂಕಿ ತೋರಿಸುವ ಮೀಟರ್ ಕ್ಷಣಿಕ ಕಡಿತವನ್ನು ನುಂಗಿಯೂ ಬಿಡುತ್ತದೆ. ನಾನು ಹಳೆಯ ಸೂಜಿ ಮೀಟರ್ ತಂದು ಜೋಡಿಸಿ, ಒಬ್ಬ ಹುಡುಗನನ್ನು ಸೂಜಿ ನೋಡಲು ಕೂರಿಸಿ, ತಂತಿಯ ಕಟ್ಟನ್ನು ಸೆನ್ಸರಿನಿಂದ ಮೇಲಕ್ಕೆ ಒಂದೊಂದೇ ಗೇಣು ಮಣಿಸುತ್ತಾ ಹೋದೆ. ಏನೂ ಇಲ್ಲ. ಮೂರನೆಯ ದಿನ ಮುಗಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ತಣ್ಣಗಾಗಿಸುವ ಸ್ಪ್ರೇ ತಂದೆವು. ಕಾಲು ಮಡಚುವ ಕೀಲಿನ ಬಳಿ ತಂತಿಯ ಕಟ್ಟನ್ನು ಹಿಡಿದಿರುವ ಒಂದು ಕ್ಲ್ಯಾಂಪ್ ಇದೆ. ಪ್ರತಿ ಸಲ ಗೇರ್ ಏರಿ ಇಳಿಯುವಾಗಲೂ ತಂತಿ ಬಾಗುವುದು ಆ ಕ್ಲ್ಯಾಂಪಿನ ಅಂಚಿನಲ್ಲೇ. ಅಲ್ಲಿಗೆ ಸ್ಪ್ರೇ ಹೊಡೆದು, ಬಿಳಿ ಹಿಮ ಕಟ್ಟಿದ ಮೇಲೆ ಮಣಿಸಿದೆ. "ಬಿತ್ತು ಸರ್!" ಎಂದ ಹುಡುಗ. ಬಿಟ್ಟೆ. "ಬಂತು." ಮತ್ತೆ ಮಣಿಸಿದೆ. "ಬಿತ್ತು."

ಹೊದಿಕೆ ಕತ್ತರಿಸಿ ನೋಡಿದರೆ ಹೊರಗೆ ಒಂದು ಗೀರೂ ಇಲ್ಲದ ತಂತಿಯ ಒಳಗೆ ತಾಮ್ರದ ಎಳೆಗಳು ತುಂಡಾಗಿ, ತುದಿಗಳು ಎದುರುಬದುರು ನಿಂತಿದ್ದವು. ಬೆಚ್ಚಗಿದ್ದಾಗ ತಾಗಿಕೊಂಡಿರುತ್ತಿದ್ದವು. ಎತ್ತರದ ಚಳಿಯಲ್ಲಿ ಹೊದಿಕೆ ಬಿಗಿದು ಸೆಟೆದಾಗ ದೂರವಾಗುತ್ತಿದ್ದವು. ಮೂರು ತಿಂಗಳ ಹಿಂದೆ ಸೆನ್ಸರ್ ಬದಲಿಸುವಾಗ ತಂತಿಯನ್ನು ಎಳೆದಾಡಿದ್ದರಿಂದಲೇ ತುದಿಗಳು ಮತ್ತೆ ಕೂಡಿ, "ಪರೀಕ್ಷೆ ಸರಿ" ಎನಿಸಿತ್ತು. ಕಟ್ಟನ್ನು ಪೂರ್ತಿ ಹೊಸದು ಹಾಕಿ, ಬಾಗುವ ಜಾಗದಲ್ಲಿ ಸ್ವಲ್ಪ ಸಡಿಲ ಬಿಟ್ಟು ಕ್ಲ್ಯಾಂಪ್ ಕಟ್ಟಿದೆವು. ಬಲಗಾಲಿನದನ್ನೂ ಅದೇ ಜಾಗದಲ್ಲಿ ತಣ್ಣಗಾಗಿಸಿ ಮಣಿಸಿ ನೋಡಿದೆವು, ಅದು ಗಟ್ಟಿಯಿತ್ತು.

ಬೇರೆ ಲಕ್ಷಣಗಳು, ಚುಟುಕಾಗಿ

ಏರಿದ ಮೇಲೆ ಗೇರ್ ಹಿಡಿ ಮೇಲಕ್ಕೆ ಬರುವುದಿಲ್ಲ ಎಂಬ ದೂರು ಬಂದರೆ ವಿಮಾನ ಇನ್ನೂ ನೆಲದಲ್ಲಿದೆ ಎಂದು ಅದರ ಸ್ವಿಚ್ ನಂಬಿದೆ ಎಂದರ್ಥ. ಕಾಲಿನ ಒಳಗಿನ ಅನಿಲ ಕಡಿಮೆಯಾಗಿ ಅದು ಪೂರ್ತಿ ಚಾಚಿಕೊಳ್ಳದಿದ್ದರೆ ಹೀಗಾಗುತ್ತದೆ. ಅದೇ ಕೊರತೆ ಮೂಗಿನ ಕಾಲಿನಲ್ಲಿದ್ದರೆ ಚಕ್ರವನ್ನು ನೇರ ಮಾಡುವ ಒಳಗಿನ ಕ್ಯಾಮ್ ಕೂಡಿಕೊಳ್ಳದೆ, ಚಕ್ರ ಸೊಟ್ಟಗೆ ಒಳಹೋಗಿ ಸಿಕ್ಕಿಕೊಳ್ಳುವ ಅಪಾಯವಿದೆ. ಮೂರೂ ಕಾಲು ಹಿಡಿಗೆ ಜಗ್ಗದೆ ಹಸಿರಾಗಿಯೇ ಉಳಿದರೆ ನೆಲದ ಪಿನ್‌ಗಳನ್ನು ಎಣಿಸಿ. ಅವು ವಿಮಾನದೊಳಗಿನ ಚೀಲದಲ್ಲಿವೆಯೇ, ಕಾಲಿನಲ್ಲೇ ಇವೆಯೇ? ಎಳೆಯುವ ಗಾಡಿಗಾಗಿ ಮೂಗಿನ ಕಾಲಿನ ಕತ್ತರಿಕೊಂಡಿ (ಚಕ್ರ ತನ್ನಷ್ಟಕ್ಕೆ ತಿರುಗದಂತೆ ಹಿಡಿಯುವ ಕೀಲು) ಬಿಚ್ಚಿ ಮತ್ತೆ ಜೋಡಿಸಲು ಮರೆತಿದ್ದರಿಂದ ಆದ ದೂರುಗಳನ್ನೂ ನೋಡಿದ್ದೇನೆ. ಕೆಸರು ಹಿಮದ ರನ್‌ವೇಯಿಂದ ಏರಿದ ಬಳಿಕ ಗೇರ್ ಸಿಕ್ಕಿಕೊಂಡಿತೆಂದರೆ, ನೆಲಕ್ಕೆ ಬರುವಷ್ಟರಲ್ಲಿ ಸಾಕ್ಷ್ಯ ಕರಗಿ ಹೋಗಿರುತ್ತದೆ. ನೀರಿನ ಗುರುತು ಹುಡುಕಿ.

ನಮ್ಮ ಜೆಟ್ ಐದನೆಯ ದಿನ ಪರೀಕ್ಷಾ ಹಾರಾಟಕ್ಕೆ ಹೋಗಿ, ಎತ್ತರದಲ್ಲಿ ಬೇಕೆಂದೇ ಒಂದು ಗಂಟೆ ತಣ್ಣಗಾಗಿ, ಮೂರು ಹಸಿರಿನೊಡನೆ ಇಳಿಯಿತು. ಅಂದು ಸಂಜೆ ಉಗ್ರಾಣದ ಕಪಾಟಿನಲ್ಲಿ ಮೂರು ತಿಂಗಳ ಹಿಂದೆ ಕಿತ್ತಿಟ್ಟ ಸೆನ್ಸರ್ ಸಿಕ್ಕಿತು, ಕೆಂಪು ಚೀಟಿ ಕಟ್ಟಿಕೊಂಡು. ಬೆಂಚಿನ ಮೇಲಿಟ್ಟು, ತಣ್ಣಗೆ ಮಾಡಿ, ಬಿಸಿ ಮಾಡಿ, ಅಲುಗಾಡಿಸಿ ಪರೀಕ್ಷಿಸಿದೆ. ಅದಕ್ಕೆ ಏನೂ ಆಗಿರಲಿಲ್ಲ.